ಕರೆಂಟಿಗೆ ಎಂಥ ಗಂಡು-ಹೆಣ್ಣು?

ಪ್ರಶ್ನೆ: ನನ್ನದು ಎಲೆಕ್ಟ್ರಿಕ್ ಸ್ಕೂಟರ್. ಬಾಡಿಗೆ ಮನೆ, ಓನರ್ ಕೆಳಗಡೆ ಪ್ಲಗ್ ಪಾಯಿಂಟ್ ಹಾಕಿಸಲು ಬಿಡುತ್ತಿಲ್ಲ. ಹತ್ತಿರದ ಚಾರ್ಜಿಂಗ್ ಜಾಗ ಫ್ಲೈಓವರ್ ಕೆಳಗಿದೆ, ಸಂಜೆಯಾದರೆ ಕತ್ತಲು. ಹೆಂಗಸರನ್ನೂ ಕೇಳಿ ಜಾಗ ಆರಿಸಬಾರದಾ ಅಂದರೆ ನಮ್ಮ ಯಜಮಾನರು "ಕರೆಂಟಿಗೆ ಎಂಥ ಗಂಡು-ಹೆಣ್ಣು" ಎಂದು ನಗುತ್ತಾರೆ. ನೀವೇನು ಹೇಳುತ್ತೀರಿ?
– ಓದುಗರು, ಬಸವೇಶ್ವರನಗರ

ಉತ್ತರ: ಕರೆಂಟಿಗೆ ಇಲ್ಲ, ನಿಜ. ಕಾಯುವವರಿಗೆ ಇದೆ. ರಾತ್ರಿ ಎಂಟೂವರೆಗೆ ಅಲ್ಲಿ ಸ್ವಲ್ಪ ಹೊತ್ತು ನಿಂತು ಬನ್ನಿ ಎಂದು ಯಜಮಾನರಿಗೆ ಹೇಳಿ. ಅವರಿಗೆ ಏನೂ ಅನಿಸದಿದ್ದರೆ, ನಿಮಗಾಗುವ ಭಯ ಅವರಿಗಿಲ್ಲ ಎಂದಾಯಿತು. ಅದೇ ನಿಮ್ಮ ಉತ್ತರ!

2024ರ ಕೇಂದ್ರ ಸಮಯ ಬಳಕೆ ಸಮೀಕ್ಷೆ ನೋಡಿ. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 88. ಈ ಕೆಲಸಗಳ ನಡುವೆ ಶಾಲೆ, ತರಕಾರಿ, ಆಫೀಸು, ಟ್ಯೂಷನ್ ಎಂದು ಹೆಂಗಸರು ಓಡಿಸುವ ಸ್ಕೂಟರಿಗೆ ಎಲ್ಲಾ ಕಡೆಯೂ ಸಣ್ಣ ಸಣ್ಣ ನಿಲುಗಡೆ. ಸಾಧಾರಣ ಚಾರ್ಜರ್ ಆದರೆ ಬ್ಯಾಟರಿ ತುಂಬಲು ಹಲವು ಗಂಟೆ ಬೇಕು, ಅಷ್ಟು ಹೊತ್ತು ಯಾರು ಕಾಯುತ್ತಾರೆ? ಹಾಗಾಗಿ ಗಾಡಿ ಹೇಗಿದ್ದರೂ ನಿಲ್ಲುವ ಕಡೆ, ಅಂದರೆ ಮೆಟ್ರೋ ಪಾರ್ಕಿಂಗ್, ಆಫೀಸು, ಆಸ್ಪತ್ರೆ, ಗಾರ್ಮೆಂಟ್ಸ್ ಫ್ಯಾಕ್ಟರಿ ಇಂಥ ಕಡೆ ಪಾಯಿಂಟ್ ಇರಬೇಕು. 2030ರ ಹೊತ್ತಿಗೆ ನಗರಗಳಲ್ಲಿ 1 ಕಿ.ಮೀ. ಉದ್ದಗಲದ ಪ್ರತಿ ಚೌಕಕ್ಕೂ ಒಂದು ಸ್ಟೇಷನ್ ಎಂದು 2024ರ ಕೇಂದ್ರ ಮಾರ್ಗಸೂಚಿ ಹೇಳುತ್ತದೆ. ಒಳ್ಳೆಯದೇ, ಆದರೆ ಆ ಚೌಕದೊಳಗೆ ಯಾವ ಮೂಲೆ? ಅದನ್ನು ಗಾಡಿಯ ಮಾಲೀಕರನ್ನಷ್ಟೇ ಕೇಳಿದರೆ ಆಗುವುದಿಲ್ಲ. ಎಷ್ಟೋ ಮನೆಗಳಲ್ಲಿ ಓಡಿಸುವುದು ಹೆಂಡತಿ, ಆರ್‌ಸಿ ಮಾತ್ರ ಗಂಡನ ಹೆಸರಲ್ಲಿ, ಅಲ್ವಾ? (ನಿಮ್ಮದು ಯಾರ ಹೆಸರಲ್ಲಿದೆ?)

ಈಗ ನಿಮ್ಮ ಓನರ್ ವಿಷಯ. ಮನೆಯಲ್ಲಿರುವ ಕನೆಕ್ಷನ್‌ನಿಂದಲೇ ಗಾಡಿ ಚಾರ್ಜ್ ಮಾಡಿಕೊಳ್ಳಲು ಅದೇ ಮಾರ್ಗಸೂಚಿಯಲ್ಲಿ ಅವಕಾಶವಿದೆ, ಹಾಗಂತ ಜಗಳಕ್ಕೆ ಹೋಗಬೇಡಿ. ಅವರಿಗೆ ಬಿಲ್ಲಿನ ಭಯ ಇರಬಹುದು. ಕೆಳಗೇ ಇರುವ ನಿಮ್ಮ ಮನೆಯ ಮೀಟರ್‌ನಿಂದ ಲೈನ್ ಎಳೆಸಿ, ಸರಿಯಾದ ಅರ್ಥಿಂಗ್ ಇರುವ 15 ಆಂಪ್ ಪಾಯಿಂಟ್ ಹಾಕಿಸುತ್ತೇನೆ, ಖರ್ಚು ನನ್ನದೇ ಎನ್ನಿ. ಸ್ಕೂಟರ್ ಫುಲ್ ಚಾರ್ಜಿಗೆ ಸಾಮಾನ್ಯವಾಗಿ ಮೂರ್ನಾಲ್ಕು ಯೂನಿಟ್. ಗೃಹಜ್ಯೋತಿ ಇದ್ದರೆ ಮಾತ್ರ ಯೂನಿಟ್ ಮೇಲೆ ಒಂದು ಕಣ್ಣಿಡಿ.

ಫ್ಲೈಓವರ್ ಜಾಗವನ್ನೂ ಸುಮ್ನೆ ಬಿಡಬೇಡಿ. ರಾಜ್ಯದಲ್ಲಿ ಚಾರ್ಜಿಂಗ್ ವ್ಯವಸ್ಥೆಯ ನೋಡಲ್ ಸಂಸ್ಥೆ ಬೆಸ್ಕಾಂ. ಅಕ್ಕಪಕ್ಕದ ನಾಲ್ಕೈದು ಹೆಂಗಸರ ಸಹಿ ಹಾಕಿಸಿ ಅವರಿಗೆ ಬರೆಯಿರಿ. "ಸುರಕ್ಷತೆ ಬೇಕು" ಎಂದಷ್ಟೇ ಬರೆದರೆ ಫೈಲು ಮಲಗುತ್ತದೆ. ಯಾವ ಕಂಬದಲ್ಲಿ ಲೈಟಿಲ್ಲ, ಎಷ್ಟು ಹೊತ್ತಿಗೆ ಜನ ಕಡಿಮೆಯಾಗುತ್ತಾರೆ, ಬದಲಿಗೆ ಯಾವ ಜಾಗ ಆಗಬಹುದು, ಅದನ್ನೇ ಬರೆಯಿರಿ.