ಶುಗರ್ ಮಾತ್ರೆಗಳ ಟೆಕ್ ಟ್ರಾನ್ಸ್‌ಫರ್ ಬರೀ ಕಾಗದ ಸಾಗಿಸೋ ಕೆಲಸವೇ? ಆರ್ ಅಂಡ್ ಡಿ ಬಿಟ್ಟು ಹೋಗಬಹುದಾ?

ಲ್ಯಾಬ್‌ನಲ್ಲಿ ಸಿದ್ಧವಾದ ಮಾತ್ರೆಯ ವಿಧಾನವನ್ನು ಪ್ಲಾಂಟ್‌ಗೆ, ಅಂದರೆ ಕಾರ್ಖಾನೆಗೆ, ದಾಟಿಸೋದು ಟೆಕ್ ಟ್ರಾನ್ಸ್‌ಫರ್. ಆರ್ ಅಂಡ್ ಡಿ ಲ್ಯಾಬ್ ಬಿಟ್ಟು ಆ ಕೆಲಸಕ್ಕೆ ಹೋಗಲಾ ಅಂತ ಕೇಳಿದ್ದೀರಿ. "ಅದು ಪೋಸ್ಟ್‌ಮ್ಯಾನ್ ಕೆಲಸ ಅಂತ ಲ್ಯಾಬಿನವರು ನಗ್ತಾರೆ" ಅಂತ ಬರೆದಿದ್ದೀರಲ್ಲ, ಆ ಸಾಲು ಓದಿ ನನಗೂ ನಗು ಬಂತು. ನಾನೂ ಹೀಗೇ ನಕ್ಕವಳು. ಅದಕ್ಕೆ ದಂಡವನ್ನೂ ಕಟ್ಟಿದ್ದೇನೆ. 300 ಕೆ.ಜಿ. ಲೆಕ್ಕದಲ್ಲಿ.

2018. ಬೆಂಗಳೂರಿನ ಒಂದು ಫಾರ್ಮುಲೇಷನ್ ಲ್ಯಾಬ್‌ನಲ್ಲಿದ್ದೆ. ಎಂ.ಫಾರ್ಮ್ ಮುಗಿಸಿ ನಾಲ್ಕು ವರ್ಷವಾಗಿತ್ತು. ಕೈಗೆ ಬಂದದ್ದು ಮೆಟ್‌ಫಾರ್ಮಿನ್ 500, ನಿಧಾನವಾಗಿ ಔಷಧ ಬಿಡುವ ಶುಗರ್ ಮಾತ್ರೆ. ನಮ್ಮಮ್ಮ ರಾತ್ರಿ ಊಟದ ಜೊತೆ ಅದನ್ನೇ ನುಂಗುತ್ತಾರೆ. ಪಟ್ಟಿ ಬಿಡಿಸಿದ ಕೂಡಲೇ "ಥೂ, ಮೀನು ವಾಸನೆ" ಅಂತ ಮೂಗು ಮುರಿಯುತ್ತಾರೆ. ಲ್ಯಾಬ್‌ನಲ್ಲಿ 2 ಕೆ.ಜಿ. ಬ್ಯಾಚ್ ಚೆನ್ನಾಗಿ ಬಂತು. ಪೈಲಟ್‌ನಲ್ಲಿ, ಅಂದರೆ ಪ್ರಯೋಗಕ್ಕೆ ಸ್ವಲ್ಪ ದೊಡ್ಡ ಮಷಿನ್‌ನಲ್ಲಿ, 30 ಕೆ.ಜಿ. ಮಾಡಿದೆವು, ಅದೂ ಚೆನ್ನಾಗಿ ಬಂತು. ಇನ್ನು ಗೋವಾದ ಪ್ಲಾಂಟ್‌ಗೆ ಹೋಗಿ 300 ಕೆ.ಜಿ. ಮಾಡಿಸಿ ಬರಬೇಕು. ಟೆಕ್ ಟ್ರಾನ್ಸ್‌ಫರ್ ತಂಡದಲ್ಲಿ ಜನ ಕಡಿಮೆ ಇದ್ದರು. "ಪ್ರಾಡಕ್ಟ್ ನಿಂದೇ ಅಲ್ವಾ, ಡಾಕ್ಯುಮೆಂಟ್ ನೀನೇ ಬರಿ, ನೀನೇ ಹೋಗಿ ಬಾ" ಅಂದರು. ಹತ್ತು ದಿನದ ಬಟ್ಟೆ ತುಂಬಿಕೊಂಡು ಹೊರಟೆ. ಜೂನ್ ತಿಂಗಳು, ಮಳೆ ಹಿಡಿದಿತ್ತು.

ಈಗ ನನ್ನ ತಪ್ಪು ಏನು ಅಂತ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಓದಿ.

ಮೆಟ್‌ಫಾರ್ಮಿನ್ ಪುಡಿ ತಾನಾಗಿ ಒತ್ತಿದರೆ ಮಾತ್ರೆಯಾಗಿ ನಿಲ್ಲೋದಿಲ್ಲ. ಪೊವಿಡೋನ್ ಅನ್ನೋ ಅಂಟು ಬೆರೆಸಿದ ನೀರಿನಲ್ಲಿ ಕಲೆಸಿ, ಉಪ್ಪಿಟ್ಟಿನ ರವೆ ಥರ ಹರಳು ಮಾಡಿ, ಡ್ರೈಯರ್‌ನಲ್ಲಿ ಬಿಸಿ ಗಾಳಿಗೆ ಒಣಗಿಸಬೇಕು. ಆಮೇಲೆ ಎಚ್‌ಪಿಎಂಸಿ ಅನ್ನೋ ಪುಡಿ ಸೇರಿಸುತ್ತೇವೆ. ಹೊಟ್ಟೆಗೆ ಹೋದಾಗ ಅದೇ ಲೋಳೆಯಾಗಿ ಔಷಧವನ್ನು ತಡೆದು ತಡೆದು ಬಿಡೋದು. ಕೊನೆಗೆ ಮಷಿನ್‌ಗೆ ಅಂಟದಿರಲಿ ಅಂತ ಒಂಚೂರು ಮೆಗ್ನೀಷಿಯಂ ಸ್ಟಿಯರೇಟ್ ಹಾಕಿ ಮಷಿನ್‌ಗೆ ಕೊಡೋದು. ಇದರಲ್ಲಿ ಎಲ್ಲಕ್ಕಿಂತ ನಾಜೂಕು ಅಂದರೆ ಹರಳಿನಲ್ಲಿ ಉಳಿಯುವ ತೇವ. ಜಾಸ್ತಿ ಉಳಿದರೆ ಮಾತ್ರೆ ಒತ್ತುವ ಅಚ್ಚಿಗೆ, ಅಂದರೆ ಪಂಚ್‌ಗೆ, ಅಂಟುತ್ತೆ. ತೀರಾ ಕಡಿಮೆಯಾದರೆ ಮಾತ್ರೆಯ ತಲೆ ಹಾರುತ್ತೆ, ಡಬ್ಬಿ ಮುಚ್ಚಳ ತೆಗೆದ ಹಾಗೆ. ಕ್ಯಾಪಿಂಗ್ ಅಂತೀವಲ್ಲ, ಅದು.

ನಾನು ಡಾಕ್ಯುಮೆಂಟ್‌ನಲ್ಲಿ ಬರೆದದ್ದು ಇಷ್ಟೇ: ತೇವ ಶೇ. 2.0 ಮೀರಬಾರದು.

ಅಷ್ಟೇ. ಕೆಳಗಡೆ ಎಲ್ಲಿಗೆ ನಿಲ್ಲಬೇಕು ಅಂತ ಬರೆಯಲೇ ಇಲ್ಲ. ಯಾಕೆ? ಹಿಂದಿನ ಯಾವುದೋ ಪ್ರಾಡಕ್ಟ್‌ನ ಫೈಲ್ ತೆಗೆದು ಹೆಸರು ಬದಲಾಯಿಸಿದ್ದೆ. ಅದರಲ್ಲಿ ಮೇಲಿನ ಮಿತಿ ಮಾತ್ರ ಇತ್ತು. ಇನ್ನೊಂದು ಕಾರಣ ಆಮೇಲೆ ಹೊಳೆಯಿತು. ಲ್ಯಾಬ್‌ನಲ್ಲಿ ಡ್ರೈಯರ್ ಪಕ್ಕದಲ್ಲಿ ನಾನೇ ನಿಂತಿರುತ್ತಿದ್ದೆ. ಐದೈದು ನಿಮಿಷಕ್ಕೆ ಸ್ಯಾಂಪಲ್ ತೆಗೆದು ನೋಡೋದು, 1.7 ಬಂದ ಕೂಡಲೇ ಸ್ವಿಚ್ ಆರಿಸೋದು. ಪೈಲಟ್‌ನಲ್ಲೂ ಅಷ್ಟೇ. ಅಂದರೆ ಆ ಕೆಳಗಿನ ಮಿತಿ ಇತ್ತು, ನನ್ನ ಕೈಯಲ್ಲಿತ್ತು. ಕಾಗದಕ್ಕೆ ಇಳಿದಿರಲಿಲ್ಲ. ನಾಲ್ಕು ಜನ ಸಹಿ ಹಾಕಿದ್ದರು, ಒಬ್ಬರಿಗೂ ಕಾಣಲಿಲ್ಲ. ಬರೆದವಳಿಗೇ ಕಾಣದ್ದು ಅವರಿಗೆ ಹೇಗೆ ಕಾಣಬೇಕು, ಬಿಡಿ.

ಪ್ಲಾಂಟ್‌ನಲ್ಲಿ ಡ್ರೈಯಿಂಗ್ ನಡೆದದ್ದು ರಾತ್ರಿ ಪಾಳಿಯಲ್ಲಿ. ನಾನು ಗೆಸ್ಟ್ ಹೌಸ್‌ನಲ್ಲಿ ಮಲಗಿದ್ದೆ. ಬೆಳಿಗ್ಗೆ ರಿಪೋರ್ಟ್ ನೋಡಿದೆ: 0.6. ಎರಡು ಮೀರಿಲ್ಲ, ಪಾಸ್. ಮುಂದುವರಿಸಿ ಅಂದೆ.

ಮಷಿನ್ ಓಡಿದ ಮೇಲೆ ಸವೆತದ ಪರೀಕ್ಷೆಗೆ ಡ್ರಮ್ಮಿನೊಳಗೆ ಹತ್ತು ಮಾತ್ರೆ ಹಾಕಿದೆವು. ನೂರು ಸುತ್ತು ತಿರುಗಿ ನಿಂತಿತು. ತಟ್ಟೆಗೆ ಸುರಿದು ಎಣಿಸಿದರೆ ಹದಿಮೂರು. ಮೂರು ಮಾತ್ರೆಯ ತಲೆ ಬೇರೆ, ಬುಡ ಬೇರೆ. ನಾನು ಪ್ರೆಷರ್ ಜಾಸ್ತಿ ಮಾಡಿಸಿದೆ. ಒಣಗಿದ ಹರಳಿಗೆ ಪ್ರೆಷರ್ ಏರಿಸಿದರೆ ಕ್ಯಾಪಿಂಗ್ ಇನ್ನೂ ಹೆಚ್ಚುತ್ತೆ ಅಂತ ಪುಸ್ತಕದಲ್ಲಿ ಓದಿದ್ದೆ. ಆ ಹೊತ್ತಿಗೆ ನೆನಪಾಗಲಿಲ್ಲ.

ಮಾತ್ರೆ ಒತ್ತುವ ಮಷಿನ್‌ನಲ್ಲಿದ್ದ ಹುಡುಗ ಹೋಗಿ, ಪಾಳಿ ಮುಗಿಸಿ ಬಟ್ಟೆ ಬದಲಾಯಿಸುತ್ತಿದ್ದ ಡ್ರೈಯರ್ ಆಪರೇಟರ್‌ನ ಕರೆದುಕೊಂಡು ಬಂದ. ಧಾರವಾಡದ ಕಡೆಯವರು, ಐವತ್ತರ ಮೇಲಿನ ವಯಸ್ಸು. ಮತ್ತೆ ಗೌನ್ ಹಾಕಿಕೊಂಡು ಒಳಗೆ ಬಂದರು. ಗ್ಲೌಸ್ ಹಾಕಿದ ಕೈಯಲ್ಲಿ ಒಂದು ಹಿಡಿ ಹರಳು ತಗೊಂಡು ಮುಷ್ಟಿ ಬಿಗಿದು ಬಿಚ್ಚಿದರು. ಮರಳಿನ ಹಾಗೆ ಉದುರಿತು.

"ಭಾಳ ಒಣಗೇತ್ರಿ ಮೇಡಂ. ರಾತ್ರಿನ ಗೊತ್ತಾಗಿತ್ತು ನನಗ."

"ಮತ್ಯಾಕೆ ನಿಲ್ಲಿಸಲಿಲ್ಲ ಅಣ್ಣ?"

"ಎರಡು ದಾಟಬಾರದು ಅಂತ ಬರದೀರಿ. ಎಲ್ಲಿಗೆ ನಿಲ್ಲಸಬೇಕು ಅಂತ ಎಲ್ಲಿ ಬರದೀರಿ? ಹೋದ ಮಳಿಗಾಲದಾಗ ಬ್ಯಾರೆ ಮಾಲು ಪಂಚಿಗೆ ಅಂಟಿ ನನ್ನ ಹೆಸರಿಗೆ ಡೀವಿಯೇಷನ್ ಅಂತ ತಪ್ಪು ದಾಖಲ ಆಗಿತ್ರಿ. ಇರ್ಲಿ ಅಂತ ಇನ್ನೊಂದಿಷ್ಟು ಒಣಗಿಸಿದೆ."

ಏನು ಹೇಳಲಿ ಅವರಿಗೆ?

ಒಂದು ಮಾತ್ರೆ ಸುಮಾರು 1 ಗ್ರಾಂ ತೂಗುತ್ತಿತ್ತು. 300 ಕೆ.ಜಿ. ಅಂದರೆ ಮೂರು ಲಕ್ಷ ಮಾತ್ರೆ. ಸ್ವಲ್ಪ ನೀರು ಚಿಮುಕಿಸಿ ಸರಿಮಾಡಬಹುದಲ್ವಾ ಅಂತ ನಮ್ಮ ತಮ್ಮ ಕೇಳಿದ್ದ. ಹಾಗೆಲ್ಲ ಆಗಲ್ಲ. ಇದು ವ್ಯಾಲಿಡೇಷನ್ ಬ್ಯಾಚ್, ವಿಧಾನ ಸರಿಯಿದೆ ಅಂತ ಸಾಬೀತು ಮಾಡೋ ಬ್ಯಾಚ್; ಒಪ್ಪಿಗೆ ಪಡೆದ ವಿಧಾನದಲ್ಲಿ ಇಲ್ಲದ್ದನ್ನು ಅದಕ್ಕೆ ಮಾಡೋ ಹಾಗಿಲ್ಲ. ತಲೆ ಹಾರಿದ ಮಾತ್ರೆಯನ್ನು ಹೊರಗೆ ಬಿಡೋ ಹಾಗೂ ಇಲ್ಲ. 1ನೇ, 3ನೇ, 10ನೇ ಗಂಟೆಗೆ ಎಷ್ಟೆಷ್ಟು ಔಷಧ ಬಿಡಬೇಕು ಅಂತ ಲೆಕ್ಕ ಇರುತ್ತೆ, ಮಾತ್ರೆ ಒಡೆದರೆ ಆ ಲೆಕ್ಕ ತಪ್ಪುತ್ತೆ. ಅಷ್ಟೂ ಮಾಲು ಸುಡೋದಕ್ಕೆ ಹೋಯಿತು.

ತೇವ ಶೇ. 1.2ರಿಂದ 2.0ರ ಒಳಗೆ ಅಂತ ತಿದ್ದಿ, ಅದಕ್ಕೆ ಆಧಾರ ತೋರಿಸೋಕೆ ಲ್ಯಾಬ್‌ನಲ್ಲಿ ಮತ್ತೆ ಬ್ಯಾಚ್ ಮಾಡಿ, ಸತತ ಮೂರು ಬ್ಯಾಚ್ ಪಾಸ್ ಆಗೋ ಹೊತ್ತಿಗೆ ಸೆಪ್ಟೆಂಬರ್ ಬಂತು. ಅಷ್ಟೂ ದಿನ ಬೆಂಗಳೂರಿಗೂ ಗೋವಾಕ್ಕೂ ರಾತ್ರಿ ಬಸ್ಸಿನಲ್ಲಿ ಓಡಾಡಿದ್ದೇ ಓಡಾಡಿದ್ದು. ಆ ವರ್ಷದ ಇನ್‌ಕ್ರಿಮೆಂಟ್ ಬಗ್ಗೆ ಕೇಳಬೇಡಿ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಹೋಗಿ. ಆದರೆ "ಶುಗರ್, ಬಿಪಿ ಮಾತ್ರೆ ಎಲ್ಲ ಹಳೆಯವು, ಕಲಿಯೋಕೆ ಏನಿದೆ" ಅನ್ನೋ ನಿಮ್ಮ ಮಾತು ನನಗೆ ಒಪ್ಪಿಗೆ ಇಲ್ಲ. ಮೆಟ್‌ಫಾರ್ಮಿನ್ ಹಳೆಯದು, ಹೌದು. 1922ರಲ್ಲೇ ತಯಾರಾಗಿತ್ತು, 1957ರಲ್ಲಿ ಫ್ರಾನ್ಸಿನ ಡಾಕ್ಟರ್ ಜ್ಯಾನ್ ಸ್ಟೆರ್ನ್ ಸಕ್ಕರೆ ಕಾಯಿಲೆಗೆ ಬಳಸಿ ವರದಿ ಮಾಡಿದರು. ಆದರೂ 2020ರ ಮೇನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೆಲವು ಕಂಪನಿಗಳ ನಿಧಾನ ಬಿಡುವ ಮೆಟ್‌ಫಾರ್ಮಿನ್ ವಾಪಸ್ ತರಿಸಲು ಹೇಳಿತು. ಕ್ಯಾನ್ಸರ್ ತರಬಹುದಾದ ಎನ್‌ಡಿಎಂಎ ಅನ್ನೋ ಕಲ್ಮಶ ಸಿಕ್ಕಿತ್ತು. ದಿನಕ್ಕೆ 96 ನ್ಯಾನೋಗ್ರಾಂ ಅದರ ಮಿತಿ. ಅಷ್ಟು ಚಿಕ್ಕ ಅಳತೆ ಹಿಡಿದುಕೊಂಡು ನಾವು ತಿಂಗಳುಗಟ್ಟಲೆ ಒದ್ದಾಡಿದ್ದೇವೆ, ಅದೂ ಇದೇ "ಹಳೇ" ಮಾತ್ರೆಗೆ.

ಇನ್ಸುಲಿನ್, ತೂಕ ಇಳಿಸೋ ಇಂಜೆಕ್ಷನ್ ಕಡೆ ಹೋಗಲಾ ಅಂತಲೂ ಕೇಳಿದ್ದೀರಿ. ಹೆಸರು ಚೆನ್ನಾಗಿದೆ ಅಂತ ಹೋಗಬೇಡಿ. ಮೊದಲು ಎರಡು ವರ್ಷ ಮಾತ್ರೆ ಮಾಡಿಸಿ. ಮಾರ್ಚ್ 2025ರಲ್ಲಿ ನಮ್ಮ ದೇಶದಲ್ಲಿ ಎಂಪಾಗ್ಲಿಫ್ಲೋಜಿನ್ ಅನ್ನೋ ಶುಗರ್ ಮಾತ್ರೆಯ ಪೇಟೆಂಟ್ ಮುಗಿದದ್ದು ನೆನಪಿದೆಯಾ? ಕೆಲವೇ ದಿನಗಳಲ್ಲಿ ಔಷಧದಂಗಡಿಗಳಿಗೆ ಹತ್ತಾರು ಬ್ರ್ಯಾಂಡ್ ಬಂದವು, ಬೆಲೆ ಧಡಕ್ಕನೆ ಬಿತ್ತು. ಆ ಎಲ್ಲ ಕಂಪನಿಯಲ್ಲೂ ಅದಕ್ಕೆ ಎಷ್ಟೋ ಮುಂಚೆಯೇ ಯಾರೋ ಒಬ್ಬರು ಡ್ರೈಯರ್ ಪಕ್ಕ ನಿದ್ದೆಗೆಟ್ಟು ನಿಂತಿದ್ದರು. ನಿಮ್ಮ ಲ್ಯಾಬಿನವರು ಪೋಸ್ಟ್‌ಮ್ಯಾನ್ ಅಂತಿರೋದು ಅವರನ್ನೇ.

ಇಂಟರ್ವ್ಯೂನಲ್ಲಿ ಒಂದೇ ಒಂದು ಕೇಳಿ: ಮೊದಲ ಬ್ಯಾಚ್ ಓಡುವಾಗ ಮೂರೂ ಪಾಳಿ ಪ್ಲಾಂಟ್‌ನಲ್ಲಿ ಇರೋಕೆ ಬಿಡ್ತೀರಾ, ಇಲ್ಲ ಮೇಲ್‌ನಲ್ಲೇ ನೋಡಿಕೋ ಅಂತೀರಾ? ಮೇಲ್ ಅಂದರೆ ಎದ್ದು ಬನ್ನಿ. ಹಾಗೇ ಪ್ಲಾಂಟ್ ಎಲ್ಲಿದೆ ಅಂತಲೂ ತಿಳಿದುಕೊಳ್ಳಿ. ಸಮುದ್ರದ ಕಡೆ ಆದರೆ ಮಳೆಗಾಲದ ತೇವದಲ್ಲಿ, ಜೂನ್‌ನಲ್ಲಿ, ಮೊದಲ ಬ್ಯಾಚ್ ಬೇಡ, ನವೆಂಬರ್‌ಗೆ ಇಟ್ಟುಕೊಳ್ಳೋಣ ಅಂತ ಈಗಲೇ ಹೇಳಿಬಿಡಿ.