ಕರೆಂಟು ಹೋಗಿ ಮಾಯವಾದ ಬರಹ ಮರಳಿ ಸಿಗುತ್ತದೆಯೇ?

ವಿರಾಜಪೇಟೆಯ ಮಳೆಗೆ ಕರೆಂಟು ಹೋಗಿ, ವರ್ಡ್‌ನಲ್ಲಿ ಬರೆಯುತ್ತಿದ್ದ ಕಾದಂಬರಿಯ ಅಧ್ಯಾಯ ಮಾಯವಾಯಿತು ಎಂದಿದ್ದೀರಿ. ಕೈಚೆಲ್ಲಬೇಡಿ, ಬಹುಪಾಲು ಸಿಗುವ ಸಾಧ್ಯತೆ ಇದೆ.

ಮೊದಲು ವರ್ಡ್ ತೆರೆಯಿರಿ. ಎಡಬದಿಯಲ್ಲಿ ಉಳಿದ ಪ್ರತಿ ತಾನಾಗಿಯೇ ಕಾಣಿಸದಿದ್ದರೆ ಫೈಲ್, ಇನ್ಫೋ, ಮ್ಯಾನೇಜ್ ಡಾಕ್ಯುಮೆಂಟ್ ಒತ್ತಿ, ‘ರಿಕವರ್ ಅನ್‌ಸೇವ್ಡ್ ಡಾಕ್ಯುಮೆಂಟ್ಸ್’ ನೋಡಿ. ವರ್ಡ್ ಸಾಮಾನ್ಯವಾಗಿ 10 ನಿಮಿಷಕ್ಕೊಮ್ಮೆ ತನ್ನ ಪಾಡಿಗೆ ಒಂದು ಪ್ರತಿ ಇಟ್ಟುಕೊಳ್ಳುತ್ತದೆ. ಸಿಕ್ಕ ಕೂಡಲೇ ಬೇರೆ ಹೆಸರಿನಲ್ಲಿ ಸೇವ್ ಮಾಡಿ. ಬಳಿಕ ಆಪ್ಷನ್ಸ್‌ನ ಸೇವ್ ವಿಭಾಗದಲ್ಲಿ ಆ 10 ನಿಮಿಷವನ್ನು 1ಕ್ಕೆ ಇಳಿಸಿ. ಕಕ್ಕಡದ (ಜುಲೈ-ಆಗಸ್ಟ್‌ನ ಮಳೆಗಾಲದ ತಿಂಗಳು) ಗಾಳಿಗೆ ಮರಗಳು ತಂತಿಯ ಮೇಲೆ ಬೀಳುವ ನಮ್ಮ ಕೊಡಗಿನಲ್ಲಿ ಅಷ್ಟು ಹೊತ್ತು ಕಾಯುವಂತಿಲ್ಲ.

ಫೈಲನ್ನೇ ಅಳಿಸಿದ್ದರೆ ರೀಸೈಕಲ್ ಬಿನ್ ಹುಡುಕಿ. ಅಲ್ಲೂ ಇಲ್ಲವಾದರೆ ಆ ಡಿಸ್ಕಿನಲ್ಲಿ ಹೊಸದೇನನ್ನೂ ಉಳಿಸಬೇಡಿ. ಅದೇ ಜಾಗದಲ್ಲಿ ಹೊಸ ಮಾಹಿತಿ ಕುಳಿತರೆ ಹಳೆಯದು ಹೋದಂತೆಯೇ. ಡಿಸ್ಕು ಎಸ್‌ಎಸ್‌ಡಿ (ತಿರುಗುವ ತಟ್ಟೆಯ ಬದಲು ಚಿಪ್‌ನಲ್ಲಿ ಮಾಹಿತಿ ಇಡುವಂಥದ್ದು) ಆಗಿದ್ದರೆ ಆಸೆ ಇನ್ನೂ ಕಡಿಮೆ.

ಇನ್ನು ಮುಂದೆ ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿ, ಇನ್ನೊಂದು ಗೂಗಲ್ ಡ್ರೈವ್‌ನಲ್ಲಿ ಇರಲಿ. ತೋಟದ ಮನೆಯಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಗೋಣಿಕೊಪ್ಪದ ಸಂತೆಗೆ ಹೋದಾಗ ಏರಿಸಿ. ಪೆನ್‌ಡ್ರೈವನ್ನು ಮಾತ್ರ ಲ್ಯಾಪ್‌ಟಾಪಿನ ಚೀಲದಲ್ಲಿ ಇಡಬೇಡಿ, ನೆನೆದರೆ ಎರಡೂ ಒಟ್ಟಿಗೆ ನೆನೆಯುತ್ತವೆ.