ಬಾಜಿ ಕಟ್ಟದೆ ವಿದೇಶದ ಕುದುರೆ ಓಟ ನೋಡುವುದು: ನಾನು ಟ್ರಾಟಿಂಗ್‌ನಿಂದ ಶುರುಮಾಡಿ ಎನ್ನುತ್ತೇನೆ

ನೀವು ಕೇಳಿರುವುದು ಎರಡು ವಿಷಯ. ಬಾಜಿ ಕಟ್ಟದವರಿಗೆ ವಿದೇಶದ ಕುದುರೆ ಓಟದಲ್ಲಿ ನೋಡಲು ಏನಿದೆ? ಗಾಡಿ ಕಟ್ಟಿ ಓಡಿಸುವ ‘ಟ್ರಾಟಿಂಗ್’ ಎಂದರೇನು, ಹೊಸಬರು ಎಲ್ಲಿಂದ ಆರಂಭಿಸಬೇಕು? ಹದಿನಾಲ್ಕು ವರ್ಷಗಳಿಂದ ಒಂದು ರೂಪಾಯಿಯನ್ನೂ ಬಾಜಿಗೆ ಹಾಕದೆ ನೋಡುತ್ತಾ ಬಂದಿದ್ದೇನೆ. ಹಾಗಾಗಿ ಮೊದಲನೆಯ ಪ್ರಶ್ನೆಗೆ ನನ್ನ ಉತ್ತರ ನಿಮಗೆ ಗೊತ್ತಾಗಿರಬೇಕು. ಎರಡನೆಯದನ್ನು ವಿವರವಾಗಿ ಹೇಳುತ್ತೇನೆ.

ನಾನು ಮೈಸೂರಿನವನು. ಚಿಕ್ಕಂದಿನಲ್ಲಿ ಶಾಲೆಗೆ ಟಾಂಗಾದಲ್ಲಿ ಹೋಗುತ್ತಿದ್ದೆವು. ಒಂದು ದಿನ ಹಿಂದಿನಿಂದ ಲಾರಿಯೊಂದು ಹಾರನ್ ಹೊಡೆದಾಗ ಕುದುರೆ ಬೆದರಿ ನಾಗಾಲೋಟಕ್ಕೆ ಬಿದ್ದಿತು. ಗಾಡಿ ಹಾರಿ ಹಾರಿ ಬೀಳತೊಡಗಿತು, ನಾವು ಮಕ್ಕಳೆಲ್ಲ ಕಿರುಚಿಕೊಂಡೆವು. ಟಾಂಗಾದ ಸಾಬರು ಚಾವಟಿ ಮುಟ್ಟಲಿಲ್ಲ, ಲಗಾಮನ್ನು ಜಗ್ಗಲೂ ಇಲ್ಲ. ಸ್ವಲ್ಪ ಎಳೆದು, ಸ್ವಲ್ಪ ಬಿಟ್ಟು, ‘ಓ ಬೇಟಾ, ಓ’ ಎನ್ನುತ್ತಾ ಅದನ್ನು ಮತ್ತೆ ‘ಟಕ್ ಟಕ್, ಟಕ್ ಟಕ್’ ಎನ್ನುವ ಹದವಾದ ಓಟಕ್ಕೆ ತಂದರು. ಆ ಹದವಾದ ಓಟವೇ ಟ್ರಾಟ್. ಮುಂದಿನ ಎಡಗಾಲು ಮತ್ತು ಹಿಂದಿನ ಬಲಗಾಲು ಒಟ್ಟಿಗೆ, ಆಮೇಲೆ ಇನ್ನೆರಡು ಒಟ್ಟಿಗೆ ನೆಲ ಮುಟ್ಟಬೇಕು. ವೇಗ ಹೆಚ್ಚಿದಂತೆ ನಾಗಾಲೋಟಕ್ಕೆ ಹೊರಳುವುದು ಕುದುರೆಯ ಸಹಜ ಗುಣ. ಹೊರಳದಂತೆ ಹಿಡಿದುಕೊಂಡೇ ಗಂಟೆಗೆ ಐವತ್ತು ಕಿಲೋಮೀಟರ್ ವೇಗದಲ್ಲಿ ಓಡಿಸುವುದು ಈ ಆಟ. ಫ್ರಾನ್ಸ್‌ನಲ್ಲಿ ನಾಗಾಲೋಟಕ್ಕೆ ಹೊರಳಿ ಅದರಲ್ಲೇ ಮುಂದುವರಿದ ಕುದುರೆಯನ್ನು ಓಟದಿಂದ ಹೊರಗಿಡುತ್ತಾರೆ. ಅಮೆರಿಕದಲ್ಲಿ ಹೊರಳಿದ ಕುದುರೆಯನ್ನು ನಿಧಾನಿಸಿ ಮತ್ತೆ ಟ್ರಾಟ್‌ಗೆ ತಂದು ಮುಂದುವರಿಯಬಹುದು, ಆದರೆ ನಾಗಾಲೋಟದಿಂದ ಜಾಗ ಗಳಿಸುವಂತಿಲ್ಲ. ಅಮೆರಿಕದಲ್ಲಿ ‘ಪೇಸಿಂಗ್’ ಎಂಬ ಇನ್ನೊಂದು ಬಗೆಯೂ ಇದೆ. ಅಲ್ಲಿ ಒಂಟೆ ನಡೆಯುವ ಹಾಗೆ ಒಂದೇ ಪಕ್ಕದ ಎರಡು ಕಾಲುಗಳು ಜೊತೆಯಾಗಿ ಚಲಿಸುತ್ತವೆ.

ನಮ್ಮ ಟರ್ಫ್ ಕ್ಲಬ್‌ಗಳಲ್ಲಿ ಇದು ಇಲ್ಲದ ಕಾರಣ ನಾನು ಮೊದಲು ನೋಡಿದ್ದು ಸ್ಟಾಕ್‌ಹೋಮ್‌ನಲ್ಲಿ. ಕೆಲಸದ ಮೇಲೆ ಅಲ್ಲಿ ಮೂರು ವರ್ಷ ಇದ್ದೆ. ಮೊದಲ ಚಳಿಗಾಲದ ಒಂದು ಬುಧವಾರ ಸಂಜೆ ಸಹೋದ್ಯೋಗಿಯೊಬ್ಬರು ಸೊಲ್ವಾಲಾ ಮೈದಾನಕ್ಕೆ ಕರೆದೊಯ್ದರು. 1927ರಲ್ಲಿ ಆರಂಭವಾದ, ಒಂದು ಕಿಲೋಮೀಟರ್ ಸುತ್ತಳತೆಯ ಹಾದಿ ಅದು. ದೀಪಗಳ ಬೆಳಕಿನಲ್ಲಿ ಕುದುರೆಗಳ ಮೈಯಿಂದ ಹಬೆ ಏಳುತ್ತಿತ್ತು. ಕಟಕಟೆಗೆ ಒರಗಿ ನಿಂತಿದ್ದೆ. ಹನ್ನೆರಡು ಗಾಡಿಗಳು ತಿರುವಿನಿಂದ ಬಂದಾಗ ಮೊದಲು ಕೇಳಿದ್ದು ಗೊರಸುಗಳ ಸದ್ದು, ನಮ್ಮ ಟಾಂಗಾದ್ದೇ ತಾಳ, ಆದರೆ ಎಣಿಸಲಾಗದಷ್ಟು ಬೇಗ. ಆಮೇಲೆ ಡ್ರೈವರ್‌ಗಳ ಕೂಗು, ಹಾದಿಯ ಮರಳು ಗಾಡಿಗಳಿಗೆ ಬಡಿಯುವ ಸದ್ದು. ಕುದುರೆಯ ಬಾಲದ ಹಿಂದೆಯೇ, ಕಾಲು ಚಾಚಿ, ಎರಡು ಚಕ್ರದ ಹಗುರ ಗಾಡಿಯಲ್ಲಿ ಹಿಂದಕ್ಕೆ ಒರಗಿ ಅವರು ಕೂರುತ್ತಾರೆ. ನನ್ನ ಎದುರಿಗೇ ಒಂದು ಕುದುರೆಯ ತಾಳ ತಪ್ಪಿತು. ಡ್ರೈವರ್ ತಕ್ಷಣ ಅದನ್ನು ಹೊರಗಿನ ಅಂಚಿಗೆ ಒಯ್ದು ಲಗಾಮನ್ನು ಎಳೆದು ಬಿಡುತ್ತಾ ಸಮಾಧಾನಪಡಿಸಿದರು. ನಲವತ್ತು ವರ್ಷದ ಹಿಂದಿನ ಆ ಸಾಬರ ಕೈಗಳೇ ನೆನಪಾದವು. ಆ ರಾತ್ರಿಯಿಂದ ನಾನು ಇದರ ಅಭಿಮಾನಿ.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇನೆ. ನನ್ನ ಸಲಹೆ, ಓಟಗಳನ್ನು ಹಿಂಬಾಲಿಸಬೇಡಿ, ಒಂದು ಕುದುರೆಯನ್ನು ಹಿಂಬಾಲಿಸಿ. ಬೆನ್ನ ಮೇಲೆ ಜಾಕಿ ಕೂರುವ ಓಟದಲ್ಲಿ ಇದು ಕಷ್ಟ. 2009ರಲ್ಲಿ ಸೀ ದ ಸ್ಟಾರ್ಸ್ ಎಂಬ ಮೂರು ವರ್ಷದ ಕುದುರೆ ಇಂಗ್ಲೆಂಡಿನ 2000 ಗಿನೀಸ್, ಎಪ್ಸಮ್ ಡರ್ಬಿ, ಪ್ಯಾರಿಸ್‌ನ ಆರ್ಕ್ ದ ಟ್ರಿಯೋಂಫ್ ಎಂಬ ಮೂರು ದೊಡ್ಡ ಓಟಗಳನ್ನೂ ಗೆದ್ದಿತು. ಆ ವರ್ಷವೇ ಅದನ್ನು ತಳಿ ಬೆಳೆಸಲು ಕಳುಹಿಸಿದರು. ಮನಸ್ಸಿಗೆ ಹತ್ತಿರವಾಗುವಷ್ಟರಲ್ಲಿ ಮೈದಾನದಿಂದ ಹೋಗಿಯೇ ಬಿಟ್ಟಿತು. ಆಸ್ಟ್ರೇಲಿಯಾದ ವಿಂಕ್ಸ್‌ನಂಥವು ಅಪರೂಪ. ಆ ಹೆಣ್ಣು ಕುದುರೆ ಸತತ 33 ಓಟ ಗೆದ್ದಿತು, 2015ರಿಂದ 2018ರವರೆಗೆ ನಾಲ್ಕು ಬಾರಿ ಅಲ್ಲಿನ ದೊಡ್ಡ ಓಟವಾದ ಕಾಕ್ಸ್ ಪ್ಲೇಟ್ ಅದರದೇ.

ಟ್ರಾಟಿಂಗ್ ಕುದುರೆಗಳು ಉಳಿಯುತ್ತವೆ. ಫ್ರಾನ್ಸ್‌ನ ಪ್ರಿ ದಮೇರಿಕ್ ಓಟಕ್ಕೆ ಹತ್ತು ವರ್ಷದವರೆಗಿನ ಕುದುರೆಗಳು ಬರಬಹುದು. ಒರಾಸಿ ಎಂಬ ಕುದುರೆಯ ಕಥೆ ಕೇಳಿ. ಅದು 1986, 1987, 1988ರಲ್ಲಿ ಸತತವಾಗಿ ಈ ಓಟ ಗೆದ್ದಿತು. 1989ರಲ್ಲಿ ಸೋತಿತು. ಮುಗಿಯಿತು ಎಂದುಕೊಂಡವರ ಎದುರು 1990ರಲ್ಲಿ, ಹತ್ತನೆಯ ವಯಸ್ಸಿನಲ್ಲಿ, ಇನ್ನು ಅವಕಾಶವೇ ಇಲ್ಲದ ಕೊನೆಯ ವರ್ಷದಲ್ಲಿ, ಮತ್ತೆ ಗೆದ್ದಿತು. ಮೊದಲ ಮೂರು ಗೆಲುವುಗಳಲ್ಲಿ ಗಾಡಿಯಲ್ಲಿದ್ದವರು ಜಾನ್-ರೆನೇ ಗೂಜೋನ್, ನಾಲ್ಕನೆಯದರಲ್ಲಿ ಅವರ ಸಹೋದರ ಮಿಶೆಲ್-ಮಾರ್ಸೆಲ್. ಓಟಕ್ಕೆ ಮುಂಚೆ ಜಡವಾಗಿ, ಯಾವುದಕ್ಕೂ ಸಂಬಂಧವಿಲ್ಲದಂತೆ ನಿಲ್ಲುತ್ತಿದ್ದ ಆ ಕುದುರೆಗೆ ಫ್ರೆಂಚರು ‘ಸೋಮಾರಿ ರಾಜ’ ಎಂದು ಹೆಸರಿಟ್ಟಿದ್ದರು. 2013ರ ಜನವರಿಯಲ್ಲಿ ಅದು ತೀರಿಕೊಂಡಾಗ ನಾನು ಅಭಿಮಾನಿಯಾಗಿ ಹೆಚ್ಚು ಕಾಲವಾಗಿರಲಿಲ್ಲ, ಆದರೂ ಮನಸ್ಸು ಭಾರವಾಗಿತ್ತು.

ಸ್ವೀಡನ್‌ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ದಪ್ಪ ಕಾಲಿನ, ಉದ್ದ ಕೂದಲಿನ ಸ್ಥಳೀಯ ತಳಿಯ ಕುದುರೆಗಳಿಗೆ ಬೇರೆಯೇ ಓಟಗಳಿವೆ. ಕಾಡಿನಲ್ಲಿ ಮರದ ದಿಮ್ಮಿ ಎಳೆಯುತ್ತಿದ್ದ ಕುದುರೆಗಳ ವಂಶ. ಅವುಗಳಲ್ಲಿ ಯಾರ್ವ್‌ಸೋಫಾಕ್ಸ್ ಎಂಬುದು 234 ಓಟಗಳಲ್ಲಿ 201 ಗೆದ್ದಿತು. ಹತ್ತು ವರ್ಷಕ್ಕೂ ಹೆಚ್ಚು ಕಾಲ, ಯಾನ್-ಒಲೋವ್ ಪೆರ್ಸನ್ ಎಂಬ ಒಬ್ಬರ ಕೈಯಲ್ಲಿ. ಆ ಕುದುರೆಯ ಜೊತೆಗೇ ಬೆಳೆದು ದೊಡ್ಡವರಾದ ಮಕ್ಕಳು ಅಲ್ಲಿದ್ದಾರೆ.

ಆರಂಭಿಸಲು ಪ್ರಿ ದಮೇರಿಕ್ ಒಳ್ಳೆಯದು. ಪ್ರತಿ ವರ್ಷ ಜನವರಿಯ ಕೊನೆಯ ಭಾನುವಾರ ಪ್ಯಾರಿಸ್‌ನ ವಾನ್ಸೆನ್‌ನಲ್ಲಿ ನಡೆಯುತ್ತದೆ. ಮೊದಲ ಮಹಾಯುದ್ಧದಲ್ಲಿ ನೆರವಾದ ಅಮೆರಿಕಕ್ಕೆ ಗೌರವ ಸೂಚಿಸಿ 1920ರಲ್ಲಿ ಆರಂಭಿಸಿದ ಓಟ. ದೂರ 2700 ಮೀಟರ್, ಓಡುವವು 18 ಕುದುರೆಗಳು. ಹಾದಿಗೆ ಹಾಸಿರುವುದು ಕಪ್ಪು ಕಿಟ್ಟದ ಪುಡಿ. ಮೊದಲು ಇಳಿಜಾರು, ಆಮೇಲೆ ಕೊನೆಯ ತಿರುವಿಗೆ ಮುನ್ನ ಏರು. ಇಳಿಜಾರಿನಲ್ಲಿ ಆಸೆಪಟ್ಟು ಕುದುರೆಯನ್ನು ಬಿಟ್ಟವರು ಏರಿನಲ್ಲಿ ಬೆಲೆ ತೆರುತ್ತಾರೆ. ಹಳೆಯ ಓಟಗಳು ಯೂಟ್ಯೂಬ್‌ನಲ್ಲಿ ಸಿಗುತ್ತವೆ.

ಅದರಲ್ಲಿ ಓಡುವ ಕುದುರೆಗಳ ಪಟ್ಟಿ ಓದಲು ಎರಡು ಗುಟ್ಟು. ನಮ್ಮಲ್ಲಿ ಹುಟ್ಟಿದ ನಕ್ಷತ್ರದ ಪಾದಕ್ಕೆ ತಕ್ಕ ಅಕ್ಷರದಿಂದ ಹೆಸರಿಡುವ ಹಾಗೆ ಫ್ರಾನ್ಸ್‌ನಲ್ಲಿ ಟ್ರಾಟಿಂಗ್ ಮರಿಗಳಿಗೆ ಹುಟ್ಟಿದ ವರ್ಷದ ಅಕ್ಷರದಿಂದ ಹೆಸರಿಡುತ್ತಾರೆ. 2010ಕ್ಕೆ ‘ಎ’, 2011ಕ್ಕೆ ‘ಬಿ’, ಹೀಗೆ. 2016 ಮತ್ತು 2017ರಲ್ಲಿ ಗೆದ್ದ ಬೋಲ್ಡ್ ಈಗಲ್, 2019ರಲ್ಲಿ ಗೆದ್ದ ಬೆಲಿನಾ ಜೋಸ್ಲಿನ್ ಓರಗೆಯವು ಎಂದು ಹೆಸರಿನಿಂದಲೇ ತಿಳಿಯುತ್ತದೆ. 2024, 2025ರಲ್ಲಿ ಗೆದ್ದ ಇಡಾವೋ ದ ಟಿಲ್ಲಾರ್ ‘ಐ’, ಅಂದರೆ 2018ರ ಮರಿ. ಇನ್ನೊಂದು ಗುಟ್ಟು ಲಾಳ. ಹೆಸರಿನ ಪಕ್ಕ ‘ಡಿ4’ ಎಂದಿದ್ದರೆ ನಾಲ್ಕೂ ಕಾಲಿನ ಲಾಳ ಬಿಚ್ಚಿ ಓಡಿಸುತ್ತಾರೆ ಎಂದರ್ಥ. ಕಾಲು ಹಗುರವಾಗಿ ವೇಗ ಹೆಚ್ಚುತ್ತದೆ, ಆದರೆ ಗೊರಸು ಸವೆಯುತ್ತದೆ. ಹಾಗಾಗಿ ದಿನಾಲೂ ಹೀಗೆ ಮಾಡಲಾಗದು. ತಿಂಗಳುಗಟ್ಟಲೆ ಲಾಳದಲ್ಲೇ ಓಡಿದ ಕುದುರೆಯ ಪಕ್ಕ ಒಂದು ದಿನ ‘ಡಿ4’ ಕಂಡರೆ ತರಬೇತುದಾರರು ಆ ದಿನಕ್ಕಾಗಿಯೇ ಕಾದಿದ್ದರು ಎಂದು ತಿಳಿಯಿರಿ.

ಮೇ ತಿಂಗಳ ಕೊನೆಯ ಭಾನುವಾರ ಸೊಲ್ವಾಲಾದಲ್ಲಿ ಎಲಿಟ್‌ಲೋಪೆಟ್ ನಡೆಯುತ್ತದೆ. ಒಂದು ಮೈಲಿಯ ಓಟ. ಎಂಟೆಂಟು ಕುದುರೆಗಳ ಎರಡು ಅರ್ಹತಾ ಓಟ, ಪ್ರತಿಯೊಂದರ ಮೊದಲ ನಾಲ್ಕು ಅದೇ ದಿನ ಫೈನಲ್‌ನಲ್ಲಿ ಮತ್ತೆ ಓಡುತ್ತವೆ. ಮುಂದಿರುವ ಕುದುರೆಯ ಹೊರಮಗ್ಗುಲಲ್ಲಿ, ಗಾಳಿಗೆ ಎದೆಯೊಡ್ಡಿ ಓಡುವ ಜಾಗವನ್ನು ಸ್ವೀಡನ್‌ನವರು ‘ಸಾವಿನ ಜಾಗ’ ಎನ್ನುತ್ತಾರೆ. ಅಲ್ಲಿಂದ ಗೆದ್ದ ಕುದುರೆಯನ್ನು ಕಂಡರೆ ಹೆಸರು ಬರೆದಿಟ್ಟುಕೊಳ್ಳಿ.

ಜಾಕಿ ಕೂರುವ ದೊಡ್ಡ ಓಟಗಳ ಸಮಯ ಮಾತ್ರ ಹೇಳುತ್ತೇನೆ. ಮೆಲ್ಬರ್ನ್ ಕಪ್ ನವೆಂಬರ್‌ನ ಮೊದಲ ಮಂಗಳವಾರ, ನಮಗೆ ಬೆಳಿಗ್ಗೆ ಒಂಬತ್ತೂವರೆ. ಜಪಾನ್ ಕಪ್ ಅದೇ ತಿಂಗಳ ಕೊನೆಯ ಭಾನುವಾರ ಮಧ್ಯಾಹ್ನ. ಆರ್ಕ್ ಅಕ್ಟೋಬರ್‌ನ ಮೊದಲ ಭಾನುವಾರ ಸಂಜೆ. ಅಮೆರಿಕದ ಕೆಂಟಕಿ ಡರ್ಬಿಗೆ ಮೇ ತಿಂಗಳ ಮೊದಲ ಶನಿವಾರ ಕಳೆದು ಭಾನುವಾರ ಬೆಳಗಿನ ಜಾವ ಏಳಬೇಕು.

ಬಾಜಿಯ ಬಗ್ಗೆ ನನ್ನದು ಖಚಿತ ಮಾತು. ಹಣ ಹಾಕಿದ ಗಳಿಗೆಯಿಂದ ನಿಮ್ಮ ಕಣ್ಣು ಒಂದೇ ನಂಬರಿನ ಮೇಲೆ ಇರುತ್ತದೆ, ಉಳಿದ ಹದಿನೇಳು ಕುದುರೆಗಳು ಕಾಣುವುದೇ ಇಲ್ಲ. ಸಾಲ ಮಾಡಿ ಮನೆ ಮುರಿದವರನ್ನು ನಾನು ಕಂಡಿದ್ದೇನೆ. ಹಣವಿಲ್ಲದೆ ನೋಡಿದರೆ ಗೆಲುವು ಎಲ್ಲಿಂದ ಬಂದರೂ ನಿಮ್ಮದೇ ಆಗುತ್ತದೆ.

ನನಗೆ ಹಾಗೆ ಒದಗಿದ್ದು 2014ರ ಜನವರಿಯಲ್ಲಿ. ಸ್ವೀಡನ್‌ನ ಕುದುರೆಯೊಂದು ಓರ್ಯಾನ್ ಶಿಲ್‌ಸ್ಟ್ರೋಮ್ ಅವರ ಕೈಯಲ್ಲಿ ಪ್ರಿ ದಮೇರಿಕ್ ಗೆದ್ದಿತು. ಅದರ ಹೆಸರು ಮಹಾರಾಜ! ಮರುದಿನ ಕಚೇರಿಯಲ್ಲಿ ಎಲ್ಲರೂ ನನ್ನ ಮೇಜಿನ ಬಳಿ ಬಂದು ಆ ಪದವನ್ನು ಸರಿಯಾಗಿ ಹೇಗೆ ಉಚ್ಚರಿಸಬೇಕೆಂದು ಕೇಳಿದರು. ಮೈಸೂರಿನವನು ಹೇಳಿಕೊಡದೆ ಇರುತ್ತಾನೆಯೇ?

ನೀವು ಮೊದಲು 1990ರ ಒರಾಸಿಯ ಓಟ ನೋಡಿ. ಒಂದು ಸಲ ಸುಮ್ಮನೆ, ಎರಡನೆಯ ಸಲ ಅದರ ಕಾಲುಗಳನ್ನು ಮಾತ್ರ. ನೋಡಿದ ಮೇಲೆ ಏನನ್ನಿಸಿತು ಎಂದು ಇಲ್ಲಿಯೇ ಬರೆಯಿರಿ.